ಕಡೆಯಲ್ಲಿ ನಡೆದವಳು

"ಗುರುಗಳೇ, ಜೊತೆಯವನಿಗಾಗಿ ಅಷ್ಟು ಕಾದರೂ ಅವನು ಬಿಟ್ಟುಹೋಗುವುದೇಕೆ?" ಎಂದು ರುದ್ರಯ್ಯನೆಂಬ ಶಿಷ್ಯ ಕೇಳಿದ.

ಯಾರ ವಿಷಯವೆಂದು ಗುರುಗಳು ಕೇಳಲಿಲ್ಲ. ಮಠದಲ್ಲಿ ಅವನ ಜೊತೆ ಓದುತ್ತಿದ್ದ ಅಡಿವೆಪ್ಪ ಹೇಳದೆ ಕೇಳದೆ ಊರಿಗೆ ಹೋಗಿ ತಿಂಗಳಾಗಿತ್ತು. ಓದಿನಲ್ಲಿ ಅಡಿವೆಪ್ಪ ನಿಧಾನ.

"ಪ್ರತಿ ಪಾಠಕ್ಕೂ ಕಾದೆ. ನನ್ನದು ಮುಗಿದಿದ್ದರೂ ಕಾದೆ. ಅವನು ಕಲಿತ ಕೂಡಲೇ ಮುಂದಿನ ಪಾಠ ತೆಗೆದೆ, ಅದಕ್ಕೆ ಮೊದಲು ಒಂದು ದಿನವೂ ತೆಗೆಯಲಿಲ್ಲ. ಈಗ ಅವನಿಲ್ಲದೆ ಪುಸ್ತಕ ಬಿಚ್ಚಲು ಮನಸ್ಸಾಗುವುದಿಲ್ಲ," ಎಂದ ಶಿಷ್ಯ.

"ಕಾದದ್ದು ನಿನಗೆ ಚೆನ್ನಾಗಿ ನೆನಪಿದೆ," ಎಂದು ಗುರುಗಳು ನಕ್ಕರು. "ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ವಯಸ್ಸಾದ ಹನ್ನೆರಡು ಮಂದಿ ಗಂಡಸರು ಹೆಂಗಸರು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ಸೋಮವಾರ ಎತ್ತಿಗೂ ಬಿಡುವುಂಟು, ನಮಗೇಕಿಲ್ಲ ಎಂಬುದು ಅವರ ವಾದ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವರು. ಒಂದು ವಾರ ಗುಡ್ಡಕ್ಕೆ, ಒಂದು ವಾರ ಕೆರೆಗೆ, ಇನ್ನೊಂದು ವಾರ ಹಳೆಯ ಕೋಟೆಗೆ ನಡೆದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವರು. ಹರಕೆಯಿಲ್ಲ, ವ್ಯಾಪಾರವಿಲ್ಲ. ಸುಮ್ಮನೆ ನಡೆಯುವುದು. ಮನೆಯವರು ಅರಳುಮರಳು ಎಂದರು. ಇವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದೆ ನಡೆಯುವವನು ಒಬ್ಬ ವರ್ತಕ. ಸಂತೆಯಿಂದ ಸಂತೆಗೆ ನಡೆದು ಅವನ ಕಾಲು ಪಳಗಿದ್ದವು. ಕೂಟಕ್ಕೆ ಅವನೇ ಒಂದು ನಿಯಮ ಮಾಡಿದ್ದ: ಯಾರನ್ನೂ ಬಿಟ್ಟು ಹೋಗಬಾರದು. ದಾರಿ ಕವಲೊಡೆದಲ್ಲೆಲ್ಲ, ನೆರಳಿದ್ದಲ್ಲೆಲ್ಲ ಮುಂದಿನವರು ಕೂತು ಕಾಯಬೇಕು. ಕಡೆಯವರು ಬಂದ ಮೇಲೆಯೇ ಏಳಬೇಕು. ಈ ನಿಯಮದ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಎದುರಿಗೆ ಸಿಕ್ಕ ದಾರಿಹೋಕರಿಗೂ ಹೇಳುತ್ತಿದ್ದ.

ಕಡೆಯಲ್ಲಿ ಬರುವವಳು ಒಬ್ಬ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ಕೈಯಲ್ಲಿ ಶಕ್ತಿಯಿದ್ದಾಗ ಯಾವ ಮನೆಗೆ ಹೋದರೂ ಜನ ಬಾಗಿಲಲ್ಲೇ ಕಾದಿದ್ದು ಅವಳನ್ನು ಒಳಗೆ ಕರೆದೊಯ್ಯುತ್ತಿದ್ದರು. ಹೆರಿಗೆಯಾದ ಮೇಲೆ ಎಲ್ಲರೂ ಮಗುವಿನ ಸುತ್ತ ಕೂರುವರು. ಅವಳು ಕೈ ತೊಳೆದುಕೊಂಡು ಹೊರಡುವಳು. ಹತ್ತು ಜನರ ನಡುವೆ ಕೆಲಸವಿಲ್ಲದೆ ಕೂತು ಮಾತಾಡಬೇಕೆಂಬ ಒಂದೇ ಆಸೆಯಿಂದ ಅವಳು ಕೂಟ ಸೇರಿದ್ದಳು. ಗುಡ್ಡ, ಕೆರೆ ಅವಳಿಗೆ ನೆಪ.

ಅವಳಿಗೆ ಮೊಣಕಾಲು ನೋವು. ಮೆಲ್ಲಗೆ ಬರುವಳು. ಅವಳು ಹತ್ತಿರ ಬಂದಳೆಂದರೆ ವರ್ತಕ ಧೋತರ ಕೊಡವಿ ಏಳುವನು. "ಅವ್ವ ಬಂದಳು, ಏಳ್ರಿ." ಎಲ್ಲರೂ ಏಳುವರು. ಅವರ ದಣಿವು ಆರಿರುತ್ತಿತ್ತು. ಅವಳು ನಿಂತ ಕಾಲಲ್ಲೇ ಒಂದು ಗುಟುಕು ನೀರು ಕುಡಿದು ಮತ್ತೆ ಹಿಂದೆ ನಡೆಯುವಳು.

ಊಟದ ಕತೆಯೂ ಇದೇ. ಅವಳು ತಲುಪುವಾಗ ಉಳಿದವರು ಕೈ ತೊಳೆಯುತ್ತಿದ್ದರು. ಆದರೆ ಅವರು ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮ್ಮ ಬುತ್ತಿಯಿಂದ ಅವಳಿಗೆಂದು ಒಂದು ಪಾಲು ಎಲೆಯ ಮೇಲೆ ತೆಗೆದಿಟ್ಟಿರುತ್ತಿದ್ದರು. ಅದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ನಡೆಯುತ್ತ ತಿನ್ನುವಳು. ಹನ್ನೊಂದು ಮನೆಯ ಅಡುಗೆ ಉಂಡಳು, ಒಬ್ಬರ ಜೊತೆಗೂ ಉಣ್ಣಲಿಲ್ಲ. ಇಷ್ಟು ಹೊತ್ತು ಕಾದವರಿಗೆ ಇನ್ನೂ ಸ್ವಲ್ಪ ಇರಿ ಎನ್ನುವುದು ಹೇಗೆ?

ಮೂರು ವರ್ಷ ನಡೆದಳು. ನಾಲ್ಕನೆಯ ವರ್ಷ ಬರಲಿಲ್ಲ. ಅಷ್ಟು ಕಾದರೂ ಬಿಟ್ಟಳಲ್ಲ ಎಂದು ಕೂಟದವರು ನೊಂದುಕೊಂಡರು. ಎಲ್ಲರಿಗಿಂತ ಹೆಚ್ಚು ನೊಂದವನು ವರ್ತಕ. ನಡೆಯುವಾಗ ಆಗಾಗ ಹಿಂತಿರುಗಿ ನೋಡುತ್ತಿದ್ದ. ಖಾಲಿ ದಾರಿ ಕಂಡು ಅವನಿಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಒಂದು ಸೋಮವಾರ ಗುಡ್ಡದ ಬುಡದಲ್ಲಿ ವರ್ತಕನ ಅಂಗಾಲಿಗೆ ಮುಳ್ಳು ಚುಚ್ಚಿ ಒಳಗೇ ಮುರಿಯಿತು. ಉಳಿದವರನ್ನು ಮುಂದೆ ಕಳಿಸಿ ಅವನು ಕುಂಟುತ್ತ ಹತ್ತಿದ. ಮೇಲೆ ಹುಣಸೆಮರದ ಕೆಳಗೆ ಅವರು ನಗುವುದು ಕೇಳಿಸಿತು. ಮಾತು ಕೇಳಿಸಲಿಲ್ಲ. ಆ ನಗೆಯಲ್ಲಿ ತಾನೂ ಇರಬೇಕೆಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ, ನೋವು ಮರೆತು ಬೇಗ ಬೇಗ ಹೆಜ್ಜೆ ಹಾಕಿದ. ಮರದ ನೆರಳಿಗೆ ಕಾಲಿಟ್ಟನೋ ಇಲ್ಲವೋ, ಎಲ್ಲರೂ ಎದ್ದು ನಿಂತರು. ಬಂದೆಯಲ್ಲ, ಇನ್ನು ನಡೆ ಎಂದರು. ಅವನು ಕುಂಟುತ್ತ ಹೊರಟ. ನಿಯಮ ಅವನದೇ.

ಇಳಿದ ಮೇಲೆ ಅವನು ತನ್ನ ಮನೆಗೆ ಹೋಗದೆ ಸೂಲಗಿತ್ತಿಯ ಮನೆಗೆ ಹೋದ. ಅವಳು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಊದಿಕೊಂಡು, ಹೊಸ್ತಿಲು ದಾಟಲೂ ಮಗಳು ಹಿಡಿದುಕೊಳ್ಳಬೇಕಾಗಿತ್ತು.

"ತಪ್ಪಾತವ್ವ," ಎಂದ ವರ್ತಕ. "ಸೋಮವಾರ ಬಾ. ನೀ ಬಂದ ಮ್ಯಾಲೆ ಎಲ್ಲಾರೂ ಕೂಡಿ ಕುಂಡ್ರೋಣು."

"ಇನ್ನ ಈ ಕಾಲು ಎಲ್ಲಿಗೆ ಬರ್ತಾವಪ್ಪ," ಎಂದಳು ಅವಳು. ಆಮೇಲೆ ಅವನ ಮುಖ ನೋಡಿದಳು. "ನೀವು ನಗೋದು ಕೆಳಗಿಂದ ಕೇಳಸ್ತಿತ್ತು. ಏನ್ ಮಾತಾಡಿ ನಗ್ತಿದ್ರಿ? ಒಂದಾದರ ಹೇಳು."

ವರ್ತಕ ನೆನಪು ಮಾಡಿಕೊಳ್ಳತೊಡಗಿದ. ಮೂರು ವರ್ಷ ಆಡಿದ ಮಾತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವನು ಅವಳ ಪಕ್ಕದಲ್ಲಿ ಕೂತು ಅತ್ತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಹೇಳಿದ: "ಆದರೆ ನಾನು ಅಡಿವೆಪ್ಪ ಬರುವ ತನಕ ಕೂತೇ ಇದ್ದೆ, ಗುರುಗಳೇ."

ಗುರುಗಳು ಕೇಳಿದರು: "ಅವನು ಬಂದ ಮೇಲೆ ಎಷ್ಟು ಹೊತ್ತು ಕೂತೆ?"