ಕಲ್ಲಲ್ಲಿ ಕೆತ್ತಿದ ವಿಳಾಸ

ಮಲಪ್ರಭೆಯ ದಂಡೆಯ ಒಂದು ಮಠದಲ್ಲಿ ಗುರುಪಾದನೆಂಬ ಶಿಷ್ಯನಿದ್ದ. ಕೈ ಚುರುಕು. ಮನಸ್ಸು ಮಾತ್ರ ಸದಾ ಕಾದ ಹೆಂಚಿನ ಮೇಲೆ.

ಸುತ್ತಲಿನ ಊರುಗಳ ಹಿರಿಯರು ಹಾಡಿದ ತತ್ವಪದಗಳನ್ನು ಮಠ ಧ್ವನಿಮುದ್ರಿಸಿಕೊಂಡಿತ್ತು. ಅವನ್ನೆಲ್ಲ ವೆಬ್‌ಸೈಟಿಗೆ ಹಾಕಿ, ಹಾಡಿದ ಒಬ್ಬೊಬ್ಬರಿಗೂ ಒಂದೊಂದು ಪುಟ ಮಾಡಿದವನು ಇವನೇ.

ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ‘ತತ್ವಪದ’ ಎಂದು ಹುಡುಕಿ ನೋಡುತ್ತಿದ್ದ. ಮಠದ ಹೆಸರು ಫಲಿತಾಂಶಗಳ ನಾಲ್ಕನೇ ಪುಟದಲ್ಲೆಲ್ಲೋ ಬರುತ್ತಿತ್ತು. ಆಮೇಲೆ ಪ್ರಸಾದಕ್ಕೆ ಕೂತರೂ ಕಣ್ಣು ಮೊಬೈಲಿನ ಮೇಲೆಯೇ.

ಹುಡುಕಿದಾಗ ಮೇಲೆ ಬರುವ ಗುಟ್ಟು ಪುಟದ ವೆಬ್ ವಿಳಾಸದಲ್ಲೇ ಇದೆ ಎಂದು ಎಲ್ಲೋ ಓದಿದ. ವಿಳಾಸಕ್ಕೆ ಇಸವಿ ಸೇರಿಸಿದ. ಮರುವಾರ ಇಸವಿ ತೆಗೆದು ತಾಲ್ಲೂಕು ಹಾಕಿದ. ಅದೂ ಸಾಲದೆ, ಹಾಡಿದವರ ಹೆಸರಿಗೂ ಮುಂಚೆ ‘ಹಳೆಯ-ಅಪರೂಪದ-ತತ್ವಪದ-ಭಜನೆ-ಕೇಳಿ’ ಎಂದು ಗೂಡ್ಸ್ ಗಾಡಿಯಷ್ಟು ಉದ್ದ ಜೋಡಿಸಿದ.

ಮಠ ನಾಲ್ಕನೇ ಪುಟದಿಂದ ಐದಕ್ಕೆ ಇಳಿಯಿತು.

ಒಂದು ಮುಂಜಾನೆ ನೀಲವ್ವ ಬಂದಳು. ಹೋದ ವರ್ಷ ತೀರಿಕೊಂಡ ಹಾಡುಗಾರ್ತಿ ಶಿವಗಂಗವ್ವನ ಮಗಳು.

“ಅವ್ವನ ಸಮಾಧಿ ಕಲ್ಲಿನ ಮ್ಯಾಲ ನೀವು ಕೊಟ್ಟ ವಿಳಾಸ ಕೆತ್ತಿಸೇವ್ರಿ. ಬಂದವರು ಅಲ್ಲೇ ನಿಂತು ಅಕಿ ದನಿ ಕೇಳ್ಲಿ ಅಂತ. ನಿನ್ನೆ ನೋಡಿದ್ರ ‘ಈ ಪುಟ ಇಲ್ಲ’ ಅಂತೈತಿ. ನಾಳೆ ಪುಣ್ಯತಿಥಿ, ಬೀಗರು ಬಿಜ್ಜರು ಎಲ್ಲಾ ಬರ್ತಾರ್ರಿ.”

“ಹಾಡು ಎಲ್ಲೂ ಹೋಗಿಲ್ಲವ್ವ, ವಿಳಾಸ ಬದಲಾಗೇತಿ,” ಅಂದ ಗುರುಪಾದ. “ಹೆಸರು ಹಾಕಿ ಹುಡುಕಿದ್ರ ಸಿಗತೈತಿ.”

“ಅವ್ವನ ಕಲ್ಲಿನ ಮುಂದ ನಿಂತು ಅವ್ವನ್ನ ಹುಡುಕಬೇಕೇನ್ರೀ?”

ಗುರುಪಾದನಿಗೆ ತಲೆ ಎತ್ತಲಾಗಲಿಲ್ಲ. ಆದರೂ ಆ ತಗ್ಗಿದ ತಲೆಯೊಳಗೆ ಆಗಲೇ ಇನ್ನೊಂದು ಹೊಸ ವಿಳಾಸ ತಯಾರಾಗುತ್ತಿತ್ತು.

ಆಕೆಯನ್ನು ಜಗಲಿಯ ಮೇಲೆ ಕೂರಿಸಿ ಗುರುಗಳ ಬಳಿ ಓಡಿದ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ ಕೇಳಿದ:

“ಅಜ್ಜಾರ, ಯಾವ ವಿಳಾಸ ಇಡ್ಲ್ರಿ? ಇಸವಿ ಇರಬೇಕೋ? ಊರು ಇರಬೇಕೋ? ಯಾವುದಿಟ್ರ ನಾವು ಮ್ಯಾಲ ಬರ್ತೀವಿ?”

ಅಜ್ಜಾರು ಎದ್ದು ಹೋಗಿ ಉಳಿ, ಸುತ್ತಿಗೆ ತಂದು ಕೈಗಿಟ್ಟರು. ಹಿತ್ತಲಲ್ಲಿ ಬಿದ್ದಿದ್ದ ಕರಿಕಲ್ಲಿನ ಚಪ್ಪಡಿ ತೋರಿಸಿದರು.

“ನೀ ಹೊಸದಾಗಿ ಸೇರಿಸೀಯಲ್ಲ, ಅದನ್ನ ಕೆತ್ತು.”

“ಎಲ್ಲಾನೂ ಏನ್ರಿ?”

“ಎಲ್ಲಾನೂ.”

‘ಹಳೆಯ’ ಎಂಬುದರ ‘ಹ’ ಮುಗಿಯುವಷ್ಟರಲ್ಲಿ ಹೆಬ್ಬೆರಳು ಜಜ್ಜಿಹೋಯಿತು. ಎದ್ದ, ಕೂತ, ಮತ್ತೆ ಎದ್ದ. ‘ಅಪರೂಪದ’ ಎಂಬ ಮಾತು ಬೇಕೇ ಎಂದು ಮೊದಲ ಸಲ ಕೇಳಿಕೊಂಡ. ಶಿವಗಂಗವ್ವನ ಹೆಸರು ಬರಬೇಕಾದರೆ ಇನ್ನೂ ಹದಿನಾರು ಅಕ್ಷರ ದಾಟಬೇಕಿತ್ತು.

ಆಕೆಯ ಕಲ್ಲಿನ ಮೇಲಿದ್ದದ್ದು ಮಠದ ಹೆಸರು, ಒಂದು ಓರೆಗೀಟು, ಶಿವಗಂಗವ್ವ. ಅಷ್ಟೇ. ಏನೂ ತಿಳಿಯದಿದ್ದ ಕಾಲದಲ್ಲಿ ತಾನೇ ಇಟ್ಟದ್ದು.

ಉಳಿ ಕೆಳಗಿಟ್ಟು ಬಂದ.

“ಹಳೇ ವಿಳಾಸನ ಇರ್ಲ್ರಿ ಅಜ್ಜಾರ.”

“ನಾಳೆ ಮತ್ಯಾರರ ಬ್ಯಾರೆ ವಿಳಾಸ ಇಡು ಅಂತ ಹೇಳಿದ್ರ?”

ಗುರುಪಾದ ಬೆರಳು ಒತ್ತಿಕೊಳ್ಳುತ್ತ ಯೋಚಿಸಿದ.

“ಹೊಸಾದು ಇಟ್ರೂ ಹಳೇದು ಮುಚ್ಚಂಗಿಲ್ರಿ. ಹಳೇ ವಿಳಾಸ ಹಿಡಕೊಂಡು ಬಂದವರು ತಾವಾಗೇ ಹೊಸ ಪುಟಕ್ಕ ಮುಟ್ಟೂವಂಗ ಮಾಡ್ತೀನಿ. ಎಲ್ಲಾರ ಪುಟಕ್ಕೂ.”

ಅಜ್ಜಾರು ತಲೆಯಾಡಿಸಿದರು.

ಎರಡು ಹೆಜ್ಜೆ ಹೋದವನು ತಿರುಗಿ ನಿಂತ. ಹಾಳು ಮನಸ್ಸು, ಬಿಡಲಿಲ್ಲ.

“ಹಂಗಾದ್ರ ಅಜ್ಜಾರ, ಹುಡುಕೋರಿಗೆ ನಾವು ಮೊದಲ ಸಿಗೂದು ಯಾವಾಗ್ರಿ?”

ಅಜ್ಜಾರು ಹೊರಗಿನ ಜಗಲಿಯ ಕಡೆ ಕೈ ತೋರಿಸಿದರು.

“ನೀಲವ್ವ ಇನ್ನೂ ಅಲ್ಲೇ ಕುಂತಾಳ. ಮೊದಲ ಅಕಿಗಿ ಸಿಗು.”