ಉಪ್ಪು ಹಾಕುವ ಕೈ

ಹೊಳೆ ದಂಡೆಯ ಆಶ್ರಮವನ್ನು ಶಿಷ್ಯ ನಿರುಪಾದಿಗೆ ಒಪ್ಪಿಸಿ, ಗುರುಗಳು ಆಚೆ ದಡದ ಗುಡಿಸಲಿಗೆ ಹೋಗಿಬಿಟ್ಟಿದ್ದರು. ಅವರನ್ನು ಗುರುಗಳು ಎಂದು ಕರೆದವರೇ ಇಲ್ಲ. ಸುತ್ತಿನ ಊರಿಗೆಲ್ಲ ಅವರು ಅಜ್ಜಾರು.

ಅವರು ಹೋದ ಮೇಲೆ ಆಶ್ರಮದ ಮಂದಿ ಒಬ್ಬೊಬ್ಬರಾಗಿ ಕಾಲು ಕಿತ್ತರು. ಜಗಳವಿಲ್ಲ, ತಂಟೆಯಿಲ್ಲ, ಸುಮ್ಮನೆ ಹೋದರು. ಅಂಗಳ ಗುಡಿಸುವ ಯಂಕೋಬ ತಿರುಗಿ ಕೂಡ ನೋಡಲಿಲ್ಲ. ಕಡೆಗೆ ಉಳಿದವಳು ಅಡುಗೆಯ ದ್ಯಾಮವ್ವ ಒಬ್ಬಳೇ. ಇವತ್ತು ಬೆಳಿಗ್ಗೆ ಅವಳೂ ಅಳುಕುತ್ತ ಹೇಳಿದಳು:

"ನಾಳಿ ನಾನೂ ಮಗಳ ಮನಿಗೆ ಹೊಂಟೀನ್ರಿ, ಸ್ವಾಮ್ಯಾರ."

ಅಷ್ಟು ದೊಡ್ಡ ಆಶ್ರಮದಲ್ಲಿ ತಾನೊಬ್ಬನೇ! ನಿರುಪಾದಿ ಹರಿಗೋಲು ಹತ್ತಿ ಸೀದಾ ಆಚೆ ದಡಕ್ಕೆ ಹೋದ.

"ಅಜ್ಜಾರ, ನಿಮ್ಮ ಆಶ್ರಮ ನೀವ ನೋಡ್ಕೊಳ್ರಿ. ನನ್ನ ಕೈಲೆ ಆಗಂಗಿಲ್ಲ."

"ಅಂಥಾದ್ದೇನು ಮಾಡಿದ್ಯೋ?"

"ನೀವು ಮಾಡಿದ್ದ ಮಾಡಿದೆ. ನೀವು ಮಾತಾಡದಂಗ ಕಸಬರಿಗಿ ಹಿಡೀತಿದ್ರಿ, ಮಂದಿ ತಾವಾಗೇ ಕೈ ಕೂಡಸಾಕ ಬರತಿದ್ರು. ನಾನೂ ಹಿಡಿದೆ, ಒಂದು ನರಪಿಳ್ಳೆ ಬರಲಿಲ್ಲ. ನಿಮಗಿಂತ ಮೊದಲಿದ್ದ ದೊಡ್ಡಜ್ಜಾರು ಬೈದು ಬೈದು ಕೆಲಸ ಮಾಡಿಸ್ತಿದ್ರಂತ. ಅವರು ಬೈದ್ರ ಮಂದಿ ನಗತಿದ್ರಂತ. ನಾ ಬೈದೆ, ಅತ್ತರು. ನಾ ಯಾರ ಹಾದಿ ಹಿಡೀಲ್ರಿ?"

ಅಜ್ಜಾರು ಹೊಟ್ಟೆ ಸವರಿಕೊಂಡರು.

"ಹಸಿವಾಗೇತಿ. ನಡಿ, ನಿನ್ನಲ್ಲೇ ಉಣ್ಣೋಣು."

ಇದೇನು ಉತ್ತರವೇ! ನಿರುಪಾದಿಗೆ ರೇಗಿತು. ಆದರೂ ಅವರನ್ನು ಕರೆದುಕೊಂಡು ಬಂದ.

ಒಂದು ಕಾಲಕ್ಕೆ ಊಟದ ಪಂಕ್ತಿ ಹಿಡಿಯದೆ ಅಂಗಳಕ್ಕೂ ಹರಡುತ್ತಿದ್ದ ಪಡಸಾಲೆಯಲ್ಲಿ ಇವತ್ತು ಎರಡೇ ತಾಟು. ದ್ಯಾಮವ್ವ ರೊಟ್ಟಿ ಇಟ್ಟು ಸಾರು ಬಡಿಸಿದಳು. ನಿರುಪಾದಿ ಬಾಯಿಗಿಟ್ಟ. ಬರೀ ಸಪ್ಪೆ.

"ದ್ಯಾಮವ್ವಾ, ಉಪ್ಪ ಹಾಕಿಲ್ಲಲ್ಲ!"

"ನಾ ಎಲ್ಲಿ ಹಾಕತೀನ್ರಿ? ದಿನಾ ನೀವ ಬಂದು ರುಚಿ ನೋಡಿ ಹಾಕತೀರಿ. ಇವತ್ತು ಹೊಳಿ ದಾಟಿ ಹೋಗಿದ್ರಿ."

"ನೀನ ಹಾಕಬೇಕಿಲ್ಲೇನು?"

"ಮೊದಮೊದಲು ಹಾಕತಿದ್ದೆ. ನೀವು ಬಂದು ಮ್ಯಾಲೊಂದು ಚಿಟಿಕಿ ಹಾಕತಿದ್ರಿ. ಯಂಕೋಬ ಅಂಗಳ ಕಸಾ ಹೊಡದ್ರ, ಅದರ ಮ್ಯಾಲ ಮತ್ತ ನೀವು ಹೊಡೀತಿದ್ರಿ. ನಾವು ಮಾಡಿದ್ದು ನಿಮಗ ಯಾವತ್ತರ ಸರಿ ಕಂಡೈತೇನ್ರಿ?"

ಬಾಯಿ ಜೋರಾಯಿತೆಂದು ಅವಳೇ ಸೆರಗು ಬಾಯಿಗೊತ್ತಿಕೊಂಡಳು.

ನಿರುಪಾದಿಯ ಮುಖ ಸಣ್ಣದಾಯಿತು. ಯಂಕೋಬ ಹೋಗುವಾಗ ತಿರುಗಿ ಕೂಡ ನೋಡದೆ ಹೋದದ್ದು ಯಾಕೆಂದು ಈಗ ತಿಳಿಯಿತು. ಉಪ್ಪು ತರಲು ಎದ್ದ. ಅಜ್ಜಾರು ಕೈ ಅಡ್ಡ ಹಿಡಿದು ತಡೆದರು.

"ಕೂಡು."

ಕೂತ. ಅಜ್ಜಾರು ಆ ಸಪ್ಪೆ ಸಾರನ್ನೇ ಸೊರಸೊರ ಹೀರುತ್ತ ಕೂತರು. ದ್ಯಾಮವ್ವ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಾನೇ ಒಳಗೆ ಹೋಗಿ ಉಪ್ಪು ತಂದು ಸಾರಿನ ಪಾತ್ರೆಗೆ ಹಾಕಿದಳು. ಗಾಬರಿಯಲ್ಲಿ ಕೈ ತಪ್ಪಿ ಹೆಚ್ಚೇ ಬಿತ್ತು.

ಮತ್ತೆ ಬಡಿಸಿದ್ದನ್ನು ನಿರುಪಾದಿ ರುಚಿ ನೋಡಿದ. ಅಯ್ಯಯ್ಯಪ್ಪ, ಉಪ್ಪೋ ಉಪ್ಪು!

"ಹೆಂಗಾಗೇತ್ರಿ?"

'ತಾ ಇಲ್ಲಿ, ನಾ ಸರಿ ಮಾಡತೀನಿ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತುತ್ತಿನ ಜೊತೆ ಅದನ್ನೂ ನುಂಗಿದ.

"ಹೆಚ್ಚಾತು. ಏನ್ ಮಾಡೋಣು, ನೀನ ಹೇಳವ್ವ."

"ಅಯ್ಯ, ಇದಕ್ಕೇನ್ರಿ!"

ದ್ಯಾಮವ್ವ ಪಾತ್ರೆ ಒಳಗೆ ಒಯ್ದಳು. ಬಿಸಿನೀರು, ಹುಣಸೆಹುಳಿ ಬೆರೆಸಿ ಕುದಿಸಿ ತಂದಳು. ನಿರುಪಾದಿ ಚಪ್ಪರಿಸಿ ಉಂಡ. ಇನ್ನೊಂದು ಸಲ ಹಾಕಿಸಿಕೊಂಡ.

"ನಾಳಿ ಹುರಳಿ ಸಾರು ಮಾಡತೀನಿ, ನೋಡೀರಂತ," ಅಂದಳು ದ್ಯಾಮವ್ವ. ಮಗಳ ಮನೆಯ ಸುದ್ದಿ ಎತ್ತಲಿಲ್ಲ.

ಅಜ್ಜಾರು ಕೈ ತೊಳೆದು ಹರಿಗೋಲಿನ ಕಡೆ ನಡೆದರು. ನಿರುಪಾದಿ ಹಿಂದೆಯೇ ಓಡಿದ. ಅವನ ಕಣ್ಣು ತುಂಬಿತ್ತು.

"ಇಲ್ಲೇ ಇರ್ರಿ ಅಜ್ಜಾರ. ನೀವಿಲ್ಲದ ಆಶ್ರಮ ಬಿಕೋ ಅಂತೈತಿ."

ಅಜ್ಜಾರು ಹರಿಗೋಲಿಗೆ ಕಾಲಿಟ್ಟರು.

"ಅಲ್ಲಿ ನನಗೂ ಬಿಕೋ ಅಂತೈತೋ ತಮ್ಮಾ. ಇವತ್ತು ನಿನ್ನ ಕೈ ತಡಿಯಾಕ ನಾ ಇದ್ದೆ. ನಾ ಇಲ್ಲೇ ಇದ್ರ, ನಿನ್ನ ಕೆಲಸದಾಗ ಚಾಚೂ ನನ್ನ ಕೈ ತಡಿಯವ್ರು ಯಾರು?"