ಹುಲ್ಲುಗುಡ್ಡದ ಕೊನೆಯ ಅಧ್ಯಾಯ

ನೀಲಗಿರಿಯ ಒಂದು ಆಶ್ರಮದಲ್ಲಿ ಮಾಸಿಲಾಮಣಿ ಎಂಬ ಗುರುಗಳಿದ್ದರು. ಮಾತು ಕಡಿಮೆ, ಮುಲಾಜು ಇನ್ನೂ ಕಡಿಮೆ.

ಅವರ ಶಿಷ್ಯ ಪೂವರಸನ್ ತಮಿಳಿನಲ್ಲಿ ಕಾಡಿನ ಬಗ್ಗೆ ಕಾದಂಬರಿ ಬರೆಯುತ್ತಿದ್ದ. ಅದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಮರ ಕಡಿಯುವವರಿಗೆ ಎದುರು ನಿಲ್ಲುವ ಅದರ ನಾಯಕನನ್ನು ಓದುಗರು ಮನೆಮಗನಂತೆ ಹಚ್ಚಿಕೊಂಡಿದ್ದರು. ಹೊಗಳಿಕೆ ಯಾರಿಗೆ ಬೇಡ? ಪೂವರಸನ್ ನೆಲದಿಂದ ಗೇಣು ಮೇಲೆ ನಡೆಯುತ್ತಿದ್ದ.

ಕೊನೆಯ ಅಧ್ಯಾಯವನ್ನು ಅವನು ಗುರುಗಳಿಗೆ ಓದಿ ಹೇಳಿದ. ಆಶ್ರಮದ ಮೇಲಿನ ಹುಲ್ಲುಗುಡ್ಡವೇ ಅಲ್ಲಿಯೂ ಬರುತ್ತದೆ. ನಾಯಕ ಆ ಬೋಳು ಗುಡ್ಡದ ತುಂಬ ಸಸಿ ನೆಟ್ಟು ಕಾಡು ಎಬ್ಬಿಸುತ್ತಾನೆ. ನಾಳೆ ಓದುಗರೇ ವ್ಯಾನುಗಳಲ್ಲಿ ಸಸಿ ತುಂಬಿಕೊಂಡು ಬರುತ್ತಾರೆ, ಪತ್ರಿಕೆಯಲ್ಲಿ ಕರೆ ಕೊಟ್ಟಿದ್ದೇನೆ, ಮೊದಲ ಗುಂಡಿ ತೋಡುವವನು ನಾನೇ ಎಂದೂ ಸೇರಿಸಿದ.

ಗುರುಗಳು ಅವನ ಕೈಗೆ ಕೊಡ ಕೊಟ್ಟು, ಆಚೆ ಬದಿಯ ಹಳ್ಳದಿಂದ ನೀರು ತರಲು ಹೇಳಿದರು.

ಆಚೆ ಬದಿಯ ಗುಡ್ಡದಲ್ಲಿ ಬಿಳಿಯರ ಕಾಲದಲ್ಲೇ ಹುಲ್ಲು ಕಿತ್ತು ವಾಟಲ್ ಎಂಬ ಪರದೇಶದ ಮರ ನೆಟ್ಟಿದ್ದರು. ದೂರದಿಂದ ನೋಡಲು ಚೆಂದ.

ಪೂವರಸನ್ ಬಿಸಿಲಲ್ಲಿ ಬೆವತು ಖಾಲಿ ಕೊಡದೊಂದಿಗೆ ಬಂದ.

"ಅಲ್ಲಿ ಹಳ್ಳವೇ ಇಲ್ಲ ಸ್ವಾಮಿ. ಬರೀ ಕಲ್ಲು."

"ಈಚೆ ಬದಿಗೆ ಹೋಗು."

ಈಚೆ ಬದಿಗಿದ್ದದ್ದು ಹುಲ್ಲುಗುಡ್ಡದ ತೊರೆ. ಆಶ್ರಮವೂ ಕೆಳಗಿನ ಊರೂ ಕುಡಿಯುತ್ತಿದ್ದದ್ದು ಅದೇ ನೀರು. ನಡುಬೇಸಿಗೆಯಲ್ಲೂ ಕೊಡ ತುಂಬಿತು. ಬರುವಾಗ ಅವನು ಕೂತು, ಹುಲ್ಲಿನ ಬುಡಕ್ಕೆ ಬೆರಳಿಟ್ಟು ನೋಡಿದ. ಮಣ್ಣು ಒದ್ದೆಯಾಗಿತ್ತು. ಅವನ ಮುಖ ಇಳಿದುಹೋಯಿತು.

"ದಿನಾ ಇದೇ ನೀರು ಕುಡಿದು, ಬೋಳು ಅಂತ ಬರೆದೆ," ಎಂದ.

"ಕಾಡು ಕಡಿದದ್ದು ಎಲ್ಲೋ. ನೀನು ಹುಲ್ಲು ಕೀಳೋಕೆ ಹೊರಟದ್ದು ಇಲ್ಲಿ," ಎಂದರು ಗುರುಗಳು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ."

"ನಾಳೆ ಬರುವವರಿಗೆ ಏನು ಹೇಳಲಿ? ನಗ್ತಾರೆ."

"ನಗಲಿ. ನಕ್ಕರೆ ಗುಡ್ಡಕ್ಕೇನೂ ಆಗಲ್ಲ."

ಮರುದಿನ ವ್ಯಾನುಗಳು ಬಂದವು. ಪೂವರಸನ್ ದಾರಿಗೆ ಅಡ್ಡ ನಿಂತು, ತಾನು ಬರೆದದ್ದು ತಪ್ಪು, ಗುಡ್ಡಕ್ಕೆ ಗುದ್ದಲಿ ತಾಗಿ ನೀರು ಹಿಡಿದಿಡುವ ಹುಲ್ಲು ಹೋದರೆ, ಆಚೆ ಬದಿಯ ಹಳ್ಳದಂತೆ ಈ ತೊರೆಯೂ ಬತ್ತುತ್ತದೆ ಎಂದು ಕೈಮುಗಿದ. ಕೆಲವರು ನಕ್ಕರು. ಕೆಲವರು, ಮರ ಬೇಡ ಎನ್ನಲು ಎಷ್ಟು ತಿಂದಿದ್ದೀಯ ಎಂದು ಕೇಳಿದರು. ಅದು ಅವನಿಗೆ ಚೆನ್ನಾಗಿಯೇ ನಾಟಿತು. ಆದರೂ ದಾರಿ ಬಿಡಲಿಲ್ಲ.

ಈರೋಡಿನಿಂದ ಬಂದಿದ್ದ ಒಬ್ಬ ಶಾಲಾ ಶಿಕ್ಷಕಿ ಮಾತ್ರ ಬೈಯಲಿಲ್ಲ. ಸಸಿಯನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದಳು.

"ನಿಮ್ಮ ಕಥೇನ ಮಕ್ಕಳಿಗೆಲ್ಲ ಓದಿ ಹೇಳಿದ್ದೀನಿ ಸಾರ್. ಈಗ ನೆಡಬೇಡಿ ಅಂದ್ರೆ, ನಾವು ಮಾಡೋದಾದ್ರೂ ಏನು?"

ಪೂವರಸನ್ ಅವಳಿಗೂ ಕೈಮುಗಿದ.

ವ್ಯಾನುಗಳು ಸಸಿಗಳ ಸಮೇತ ಹಿಂತಿರುಗಿದವು. ಪೂವರಸನ್ ಬಂದು ಗುರುಗಳ ಎದುರು ಕುಳಿತ. ಪತ್ರಿಕೆಯವರು ಕೊನೆಯ ಅಧ್ಯಾಯಕ್ಕೆ ಕಾಯುತ್ತಿದ್ದರು.

"ಸ್ವಾಮಿ, ನಾಯಕ ಗುದ್ದಲಿ ಹಿಡಿದು ಗುಡ್ಡದ ಮೇಲೆ ನಿಂತಿದ್ದಾನೆ. ಅವನನ್ನು ಏನು ಮಾಡಲಿ?"

"ಗುದ್ದಲಿ ಇಸ್ಕೋ," ಎಂದರು ಗುರುಗಳು. "ಆಮೇಲೂ ಒಳ್ಳೆಯವನಾಗಿ ಇರ್ತಾನಾ ನೋಡು."